ಮೂರ್ತಿ ಚಿಕ್ಕದಾದರೂ... ಸೂಪರ್ ಮಾರಿಯೋ ಲ್ಯಾಂಡ್ ಬಗ್ಗೆ ನಾಲ್ಕು ಮಾತು

ಮಾರಿಯೋ ಅಂದ ತಕ್ಷಣ ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಬಾಲ್ಯ ಕಳೆದ ಬಹಳ ಜನಕ್ಕೆ ನೆನಪಾಗೋದು ಟೀವಿಗೆ ವಯರ್ ಸಿಕ್ಕಿಸಿ ಆಡುತ್ತಿದ್ದ ಕ್ಯಾಸೆಟ್ ಗೇಮು. ಲೇಬಲ್ ಮೇಲೆ ಸಾವಿರಾರು ಆಟ ಅಂತ ಬರೆದಿರುತ್ತಿತ್ತು, ಹಾಕಿ ನೋಡಿದರೆ ಬೆರಳೆಣಿಕೆಯಷ್ಟು ಆಟ, ಉಳಿದದ್ದೆಲ್ಲ ಅವುಗಳದ್ದೇ ಮರುಎಣಿಕೆ :-) ಆದರೆ ಇವತ್ತು ನಾನು ಬರೆಯಹೊರಟಿರೋದು ಆ ಟೀವಿ ಮಾರಿಯೋ ಬಗ್ಗೆ ಅಲ್ಲ. ಅದಕ್ಕಿಂತ ಪುಟ್ಟದಾದ ಇನ್ನೊಂದರ ಬಗ್ಗೆ. 1989ರ ಏಪ್ರಿಲ್‌ನಲ್ಲಿ ನಿಂಟೆಂಡೋ ಕಂಪನಿ ಗೇಮ್ ಬಾಯ್ ಅನ್ನೋ ಕೈಯಲ್ಲಿ ಹಿಡಿದು ಆಡುವ ಯಂತ್ರವನ್ನು ಜಪಾನಿನಲ್ಲಿ ಬಿಟ್ಟಾಗ, ಅದರ ಜೊತೆಗೇ ಬಂದ 'ಸೂಪರ್ ಮಾರಿಯೋ ಲ್ಯಾಂಡ್' ಬಗ್ಗೆ.

ಈ ಆಟದ ಮಾತು ಬಂದರೆ ಎರಡು ಪಂಗಡ ಆಗಿಬಿಡುತ್ತದೆ. ಒಂದು ಪಂಗಡದವರು ಇದು ಅಮರ ಕೃತಿ, ಇದರ ಮುಂದೆ ಈಗಿನದ್ದೆಲ್ಲ ಸಪ್ಪೆ ಅಂತಾರೆ. ಇನ್ನೊಂದು ಪಂಗಡದವರು ಅರ್ಧ ಗಂಟೆಯಲ್ಲಿ ಮುಗಿದುಹೋಗೋ ಆಟ, ಮಾರಿಯೋ ಹೆಸರಿದೆ ಅಂತ 1.8 ಕೋಟಿ ಪ್ರತಿ ಖರ್ಚಾಯಿತು ಅಷ್ಟೆ ಅಂತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಮೊದಲನೆಯವರು ಆಟವನ್ನಲ್ಲ, ತಮ್ಮ ಬಾಲ್ಯವನ್ನು ಹೊಗಳುತ್ತಿದ್ದಾರೆ. ಎರಡನೆಯವರು ಸೇರು ಹಿಡಿದು ಬಟ್ಟೆ ಅಳೆಯುತ್ತಿದ್ದಾರೆ. ಈ ಆಟದಲ್ಲಿ ದೋಷಗಳಿವೆ, ಖಂಡಿತ ಇವೆ. ಆದರೆ 'ಚಿಕ್ಕದು' ಅನ್ನೋದು ಅವುಗಳಲ್ಲಿ ಒಂದಲ್ಲ.

ಮೊದಲು ಒಂದಿಷ್ಟು ಹಿನ್ನೆಲೆ. ಮಾರಿಯೋನ ಸೃಷ್ಟಿಕರ್ತ ಅಂತ ಎಲ್ಲರೂ ಗುರುತಿಸೋದು ಶಿಗೆರು ಮಿಯಾಮೊಟೊ ಅವರನ್ನ. ಆದರೆ ಈ ಆಟ ಅವರದ್ದಲ್ಲ. ನಿಂಟೆಂಡೋದ ಇನ್ನೊಂದು ವಿಭಾಗ ಇದನ್ನು ಮಾಡಿತು. ನಿರ್ಮಾಪಕರು ಗುನ್‌ಪೇ ಯೊಕೊಯಿ, ನಿರ್ದೇಶಕರು ಸತೊರು ಒಕಾಡ. ಗೇಮ್ ಬಾಯ್ ಯಂತ್ರವನ್ನು ಕಟ್ಟಿದ್ದೂ ಇವರ ವಿಭಾಗವೇ. ಯೊಕೊಯಿ ಅವರದ್ದು ಒಂದು ಪ್ರಸಿದ್ಧ ಸಿದ್ಧಾಂತ ಇತ್ತು: ಹೊಚ್ಚ ಹೊಸ ತಂತ್ರಜ್ಞಾನದ ಹಿಂದೆ ಓಡಬೇಡಿ, ಹಳೆಯದಾಗಿ ಅಗ್ಗವಾಗಿರುವುದನ್ನು ಹೊಸ ರೀತಿಯಲ್ಲಿ ಬಳಸಿ ಅಂತ. ನಮ್ಮ ಅಜ್ಜಿಯರು ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡುತ್ತಿದ್ದರಲ್ಲ, ಆ ಸಿದ್ಧಾಂತ. ಹಾಗಾಗಿ ಗೇಮ್ ಬಾಯ್‌ಗೆ ಬಣ್ಣವಿಲ್ಲ, ಪರದೆಗೆ ಹಿಂಬದಿಯ ಬೆಳಕಿಲ್ಲ. ನಾಲ್ಕೇ ನಾಲ್ಕು ಛಾಯೆ, ಅದೂ ಪಾಚಿ ಹಸಿರಿನ ಮೇಲೆ. ಪರದೆಯಲ್ಲಿ 160 ಅಡ್ಡ, 144 ಉದ್ದ, ಇಷ್ಟೇ ಚುಕ್ಕಿ. ಅದೇ ವರ್ಷ ಬಂದ ಅಟಾರಿ ಲಿಂಕ್ಸ್‌ನಲ್ಲಿ ಬಣ್ಣವೂ ಇತ್ತು, ಬೆಳಕೂ ಇತ್ತು, ಜೊತೆಗೆ ಆರು ಪೆನ್ಸಿಲ್ ಸೆಲ್ಲುಗಳನ್ನು ಬಹಳ ಬೇಗ ನುಂಗಿ ನೀರು ಕುಡಿಯುವ ಹಸಿವೂ ಇತ್ತು. ಗೇಮ್ ಬಾಯ್ ನಾಲ್ಕು ಸೆಲ್ಲಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ನಡೆಯಿತು. ಗೆದ್ದಿದ್ದು ಯಾರು ಅಂತ ಹೇಳಬೇಕಾಗಿಲ್ಲ.

ಇಂಥ ಯಂತ್ರಕ್ಕೆ ಮಾಡಿದ ಆಟ ಇದು. ಇಡೀ ಕ್ಯಾಸೆಟ್ಟಿನಲ್ಲಿ ಇರೋದು 64 ಕಿಲೋಬೈಟ್. ಇವತ್ತು ಮೊಬೈಲಿನಲ್ಲಿ ಯಾರೋ ಕಳಿಸುವ ಗುಡ್ ಮಾರ್ನಿಂಗ್ ಚಿತ್ರ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದಿರುತ್ತದೆ! ಅಷ್ಟರಲ್ಲಿ ನಾಲ್ಕು ರಾಜ್ಯ, ರಾಜ್ಯಕ್ಕೆ ಮೂರರಂತೆ ಹನ್ನೆರಡು ಹಂತ.

ಈಗ ಒಳ್ಳೆಯದನ್ನು ಹೇಳುತ್ತೇನೆ. ಮೊದಲನೆಯದು ಇದರ ವಿಚಿತ್ರತನ. ಟೀವಿ ಮಾರಿಯೋ ನೋಡಿದವರಿಗೆ ಇಲ್ಲಿ ಎಲ್ಲವೂ ಸ್ವಲ್ಪ ಓರೆಯಾಗಿ ಕಾಣುತ್ತದೆ. ಬಿಡಿಸಬೇಕಾದ ರಾಜಕುಮಾರಿ ಪೀಚ್ ಅಲ್ಲ, ಡೇಸಿ. ಅವಳನ್ನು ಹೊತ್ತೊಯ್ದವನು ಬೌಸರ್ ಅಲ್ಲ, ಟಟಾಂಗ ಅನ್ನೋ ಬಾಹ್ಯಾಕಾಶ ಜೀವಿ. ಮೊದಲ ರಾಜ್ಯದಲ್ಲಿ ಈಜಿಪ್ಟಿನ ಪಿರಮಿಡ್ಡು, ಬೆಂಕಿ ಉಗುಳುವ ಸ್ಫಿಂಕ್ಸು. ಮೂರನೆಯದರಲ್ಲಿ ಈಸ್ಟರ್ ದ್ವೀಪದ ಕಲ್ಲುಮೊಗದ ಪ್ರತಿಮೆಗಳು ಕೈಕಾಲು ಬಂದು ಓಡುತ್ತವೆ. ನಾಲ್ಕನೆಯದರಲ್ಲಿ ಚೀನಾದ ಜಾನಪದದಿಂದ ಬಂದ ಕುಪ್ಪಳಿಸುವ ಹೆಣ. ತುಳಿದರೆ ಬಿದ್ದ ಹಾಗೆ ಬಿದ್ದು ಮತ್ತೆ ಎದ್ದು ಬರುತ್ತದೆ ಮಾರಾಯ್ರೆ. ಆಮೆಯನ್ನು ತುಳಿದು ಚಿಪ್ಪನ್ನು ಒದೆಯೋಣ ಅಂತ ಹೋದರೆ ಆ ಚಿಪ್ಪು ಬಾಂಬಿನ ಹಾಗೆ ಸಿಡಿಯುತ್ತದೆ. ಕೆಲವರು ಇದನ್ನು 'ನಕಲಿ ಮಾರಿಯೋ' ಅಂತ ಮೂಗು ಮುರಿಯುತ್ತಾರೆ. ನನಗೆ ಇದೇ ಇಷ್ಟ. ಯಾರದೋ ಪಾತ್ರವನ್ನು ಎರವಲು ತಂದು ತಮ್ಮದೇ ಕಥೆ ಕಟ್ಟುವಾಗ ಬರುವ ಧೈರ್ಯ ಇಲ್ಲಿದೆ. ಒಂದೇ ರಾಮಾಯಣವನ್ನು ಊರೂರಿನ ಬಯಲಾಟದವರು ಬೇರೆ ಬೇರೆ ಥರ ಆಡುವುದಿಲ್ಲವೇ?

ಎರಡನೆಯದು ಪುಟಿಯುವ ಚೆಂಡು. ಟೀವಿ ಮಾರಿಯೋ ಹೂವು ತಿಂದರೆ ಬೆಂಕಿ ಉಂಡೆ ಎಸೆಯುತ್ತಿದ್ದ. ಇಲ್ಲಿ ಎಸೆಯೋದು ಒಂದು ಗಟ್ಟಿ ಚೆಂಡು. ಅದು ಗೋಡೆಗೆ, ನೆಲಕ್ಕೆ, ಚಾವಣಿಗೆ ಓರೆಯಾಗಿ ಬಡಿದು ಪುಟಿಯುತ್ತಾ ಹೋಗುತ್ತದೆ, ದಾರಿಯಲ್ಲಿ ಸಿಕ್ಕ ನಾಣ್ಯಗಳನ್ನೂ ಬಾಚಿಕೊಳ್ಳುತ್ತದೆ. ಆದರೆ ಒಂದು ಷರತ್ತು: ಒಮ್ಮೆಗೆ ಒಂದೇ ಚೆಂಡು. ಎಸೆದದ್ದು ಮಾಯವಾಗುವ ತನಕ ಇನ್ನೊಂದಿಲ್ಲ. ಇಕ್ಕಟ್ಟಾದ ಜಾಗದಲ್ಲಿ ಎಸೆದರೆ ಅದು ಅಲ್ಲೇ ಗಿರಕಿ ಹೊಡೆಯುತ್ತಿರುತ್ತದೆ, ಎದುರಿಗೆ ವೈರಿ ಬರುತ್ತಿರುತ್ತಾನೆ, ನಿಮ್ಮ ಕೈ ಖಾಲಿ. ಕೇರಂ ಆಡಿದವರಿಗೆ ಈ ಲೆಕ್ಕಾಚಾರದ ಸುಖ ಗೊತ್ತು. ಒಂದೇ ಒಂದು ನಿಯಮದಿಂದ ಲಾಭ ನಷ್ಟ ಎರಡನ್ನೂ ಹುಟ್ಟಿಸೋದು ಸುಲಭದ ಕೆಲಸವಲ್ಲ.

ಮೂರನೆಯದು ಸಂಗೀತ. ಹಿರೊಕಾಜು ತನಾಕ ಅವರದ್ದು. ಗೇಮ್ ಬಾಯ್‌ಗೆ ಒಮ್ಮೆಗೆ ನಾಲ್ಕು ದನಿ ಮಾತ್ರ ಸಾಧ್ಯ, ಅದರಲ್ಲಿ ಒಂದು ಬರೀ ಗದ್ದಲದ್ದು. ಅಷ್ಟರಲ್ಲೇ ಮೊದಲ ಹಂತದ ಮಟ್ಟು ಒಮ್ಮೆ ಕಿವಿಗೆ ಬಿದ್ದರೆ ದಿನವಿಡೀ ಬಿಡೋದಿಲ್ಲ. ನಕ್ಷತ್ರ ಸಿಕ್ಕಿ ಮಾರಿಯೋ ಅಜೇಯನಾದಾಗ ಜಾಕ್ ಒಫೆನ್‌ಬಾಕ್‌ನ 'ಕ್ಯಾನ್ ಕ್ಯಾನ್' ಕುಣಿತದ ಮಟ್ಟು ಮೊಳಗುತ್ತದೆ. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ ನಾಟಕದ ಸಂಗೀತ ಪೆನ್ಸಿಲ್ ಸೆಲ್ಲಿನಲ್ಲಿ! ನಗು ಬರದೇ ಇರುತ್ತದೆಯೇ?

ಇನ್ನು ಚಿತ್ರಗಳು. ಬಹಳ ಬಡಕಲು ಅನ್ನೋ ದೂರಿದೆ. ಹೌದು, ಮಾರಿಯೋ ಉಗುರಿಗಿಂತ ಚಿಕ್ಕವನು, ಹಿನ್ನೆಲೆ ಬಹುಪಾಲು ಖಾಲಿ. ಆದರೆ ಈ ದೂರು ಹೇಳುವವರು ಈಗಿನ ಹೊಳೆಯುವ ಪರದೆಯಲ್ಲಿ ನೋಡಿ ಹೇಳುತ್ತಿದ್ದಾರೆ. ಆ ಹಳೆಯ ಪರದೆಯಲ್ಲಿ ಓಡುವ ವಸ್ತುವಿನ ಹಿಂದೆ ಮಸುಕಾದ ನೆರಳೊಂದು ಎಳೆದುಕೊಂಡು ಬರುತ್ತಿತ್ತು. ಹಿನ್ನೆಲೆ ತುಂಬಾ ಚಿತ್ತಾರ ಬಿಡಿಸಿದ್ದರೆ ಮಾರಿಯೋ ಎಲ್ಲಿ, ಗೋಡೆ ಎಲ್ಲಿ ಅಂತ ತಿಳಿಯುತ್ತಿರಲಿಲ್ಲ. 1992ರಲ್ಲಿ ಬಂದ ಎರಡನೇ ಭಾಗದಲ್ಲಿ ಮಾರಿಯೋನನ್ನು ದಪ್ಪಗೆ, ಚೆಂದಗೆ ಮಾಡಿದರು. ನೋಡೋಕೆ ಮುದ್ದಾದ. ಆದರೆ ಪರದೆ ಅಷ್ಟೇ ಇತ್ತಲ್ಲ, ಮುಂದಿನ ದಾರಿ ಕಾಣೋದು ಕಡಿಮೆಯಾಯಿತು, ನಡಿಗೆಯೂ ನಿಧಾನವಾಯಿತು. ಒಂದು ಕೊಟ್ಟು ಒಂದು ಪಡೆಯೋ ವ್ಯಾಪಾರ ಅದು. ಮೊದಲನೆಯದರ ಬಡಕಲುತನದಲ್ಲೂ ಒಂದು ವಿವೇಕ ಇತ್ತು ಅನ್ನೋದು ಎರಡನೆಯದನ್ನು ಆಡಿದಾಗಲೇ ಅರ್ಥವಾಗೋದು.

ಇನ್ನು ಆ 'ಅರ್ಧ ಗಂಟೆ' ಆರೋಪಕ್ಕೆ ಬರೋಣ. ಚೆನ್ನಾಗಿ ಬಲ್ಲವರು ಅಷ್ಟರಲ್ಲಿ ಮುಗಿಸುತ್ತಾರೆ, ನಿಜ. ಆದರೆ 'ಚೆನ್ನಾಗಿ ಬಲ್ಲವರು' ಆಗೋಕೆ ಎಷ್ಟು ವಾರ ಬೇಕು? ಸಂಗೀತಗಾರರು ಹತ್ತು ನಿಮಿಷದಲ್ಲಿ ಹಾಡಿ ಮುಗಿಸುವ ಕೀರ್ತನೆಯನ್ನು ಹತ್ತು ನಿಮಿಷದಲ್ಲಿ ಕಲಿತಿರುವುದಿಲ್ಲ. ಇನ್ನೂ ಮುಖ್ಯವಾದ್ದು, ಈ ಆಟದಲ್ಲಿ ಸೇವ್ ಮಾಡುವ ಸೌಲಭ್ಯ ಇಲ್ಲ. ಆಗೆಲ್ಲ ಸೇವ್ ಬೇಕೆಂದರೆ ಕ್ಯಾಸೆಟ್ಟಿನೊಳಗೆ ಪುಟ್ಟ ಬ್ಯಾಟರಿಯೊಂದನ್ನು ಕೂರಿಸಬೇಕಿತ್ತು, ಅದು ದುಬಾರಿ. ಸೇವ್ ಇಲ್ಲದ ಆಟವನ್ನು ಐದು ಗಂಟೆ ಉದ್ದ ಮಾಡಿದ್ದರೆ ಗತಿ ಏನು? ಬಸ್ಸಿನಲ್ಲಿ, ಶಾಲೆಯ ಬಿಡುವಿನಲ್ಲಿ ಆಡುವ ಆಟ ಒಂದು ಕೂರುವಿಕೆಯಲ್ಲಿ ಮುಗಿಯುವಂತಿರಬೇಕು. ಅಳತೆ ನೋಡಿಯೇ ಬಟ್ಟೆ ಕತ್ತರಿಸಿದ್ದಾರೆ. ಈಗಿನ ಎಷ್ಟೋ ಮೊಬೈಲ್ ಆಟಗಳು ಮುಗಿಯಲೇಬಾರದು ಅಂತಲೇ ತಯಾರಾಗಿರುತ್ತವೆ. ನಾಳೆ ಬನ್ನಿ, ಜಾಹೀರಾತು ನೋಡಿ, ದುಡ್ಡು ಹಾಕಿ ಅಂತ. ಅವುಗಳ ಮುಂದೆ, 'ಮುಗಿಯಿತು, ಇನ್ನು ಎದ್ದು ಊಟ ಮಾಡು' ಅನ್ನುವ ಆಟ ನನಗೆ ಸಜ್ಜನನ ಹಾಗೆ ಕಾಣುತ್ತದೆ.

ಹಾಗಾದರೆ ದೋಷ ಎಲ್ಲಿ? ಮೂರು ಹೇಳುತ್ತೇನೆ.

ಒಂದು, ಕೈಹಿಡಿತ. ಟೀವಿ ಮಾರಿಯೋ ಓಡಿ ನೆಗೆದರೆ ಆ ಓಟದ ರಭಸ ಗಾಳಿಯಲ್ಲೂ ಅವನ ಜೊತೆ ಬರುತ್ತಿತ್ತು, ಅದನ್ನು ಬೆರಳುಗಳು ಅನುಭವಿಸುತ್ತಿದ್ದವು. ಇಲ್ಲಿ ಆ ಮೈಭಾರ ಇಲ್ಲ. ಕಟ್ಟೆಯ ಅಂಚಿನಿಂದ ಜಾರಿದರೆ ಕಲ್ಲು ಬಿದ್ದ ಹಾಗೆ ಕೆಳಗೆ. ನೆಗೆತದ ಆಟದಲ್ಲಿ ನೆಗೆತವೇ ಬಿಗಿಯಾಗಿದ್ದರೆ ಅದನ್ನು ಪರದೆಯ ಮೇಲೆ ಹಾಕಿ ತಪ್ಪಿಸಿಕೊಳ್ಳೋಕೆ ಆಗಲ್ಲ. ಯಂತ್ರ ಚಿಕ್ಕದು ಅನ್ನೋ ಸಮಜಾಯಿಷಿ ಇಲ್ಲಿ ನಡೆಯೋದಿಲ್ಲ.

ಎರಡು, ಕೊನೆಯ ಯುದ್ಧ. ಎರಡನೇ ರಾಜ್ಯದ ಕೊನೆಗೆ ಮಾರಿಯೋ ಜಲಾಂತರ್ಗಾಮಿ ಹತ್ತುತ್ತಾನೆ, ನಾಲ್ಕನೆಯದರ ಕೊನೆಗೆ ವಿಮಾನ. ಆಗ ಇದು ಗುಂಡು ಹಾರಿಸುವ ಆಟವಾಗಿ ಬದಲಾಗುತ್ತದೆ. ನಡುವೆ ಒಮ್ಮೆ ರುಚಿ ಬದಲಾವಣೆಗೆ ಸೊಗಸು, ಉಪ್ಪಿನಕಾಯಿ ಇದ್ದ ಹಾಗೆ. ಆದರೆ ಟಟಾಂಗನ ಜೊತೆಗಿನ ಕೊನೆಯ ಕಾಳಗವೂ ವಿಮಾನದಲ್ಲೇ! ವರ್ಷವಿಡೀ ಗಣಿತ ಕಲಿಸಿ ಪಬ್ಲಿಕ್ ಪರೀಕ್ಷೆಯಲ್ಲಿ ಭೂಗೋಳ ಕೇಳಿದರೆ ಹೇಗೆ? ಇಷ್ಟು ದಿನ ಕಲಿತ ನೆಗೆತಕ್ಕೆ ಕೊನೆಯಲ್ಲಿ ಬೆಲೆಯೇ ಇಲ್ಲ.

ಮೂರನೆಯದು ನನ್ನ ಮಟ್ಟಿಗೆ ದೊಡ್ಡ ದೋಷ. ಆಟವನ್ನು ಒಮ್ಮೆ ಗೆದ್ದರೆ ಇನ್ನೂ ಕಠಿಣವಾದ ಎರಡನೇ ಸುತ್ತು ತೆರೆಯುತ್ತದೆ. ಅದನ್ನೂ ಗೆದ್ದರೆ ಯಾವ ಹಂತದಿಂದ ಬೇಕಾದರೂ ಶುರು ಮಾಡುವ ಸ್ವಾತಂತ್ರ್ಯ ಸಿಗುತ್ತದೆ. ಅಂದರೆ ಆ ಸೌಕರ್ಯ ಕ್ಯಾಸೆಟ್ಟಿನೊಳಗೆ ಇದ್ದೇ ಇತ್ತು, ಅದಕ್ಕೆ ಬ್ಯಾಟರಿಯೂ ಬೇಕಿರಲಿಲ್ಲ. ಮೂರನೇ ರಾಜ್ಯದಲ್ಲಿ ಮತ್ತೆ ಮತ್ತೆ ಸತ್ತು ಮೊದಲಿನಿಂದ ಶುರು ಮಾಡುವ ಎಂಟು ವರ್ಷದ ಮಗುವಿಗೆ ಅದು ಬೇಕಿತ್ತು. ಕೊಟ್ಟಿದ್ದು ಎರಡು ಸಲ ಗೆದ್ದವನಿಗೆ! ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನೋ ಗಾದೆ ನೆನಪಾಗುತ್ತದೆ. ಹಂತಕ್ಕೊಂದು ಪುಟ್ಟ ಗುಪ್ತಸಂಖ್ಯೆ ಕೊಟ್ಟಿದ್ದರೂ ಸಾಕಿತ್ತು, ಆ ಉಪಾಯ ಆಗಿನ ಬೇರೆ ಆಟಗಳಲ್ಲಿ ಚಾಲ್ತಿಯಲ್ಲಿತ್ತು. ಎರಡನೇ ಭಾಗದಲ್ಲಿ ಮೂರು ಜನ ಬೇರೆ ಬೇರೆಯಾಗಿ ಸೇವ್ ಮಾಡುವ ವ್ಯವಸ್ಥೆ ಬಂತು. ಬಂದರೂ, ಅಲ್ಲಿ ಜೀವಗಳೆಲ್ಲ ಮುಗಿದರೆ ಕಷ್ಟಪಟ್ಟು ಗೆದ್ದ ಚಿನ್ನದ ನಾಣ್ಯಗಳನ್ನು ಕಸಿದುಕೊಳ್ಳುತ್ತಾರೆ. ಶಿಕ್ಷಿಸುವ ಚಟ ಪೂರ್ತಿ ಬಿಟ್ಟಿರಲಿಲ್ಲ ಅನ್ನಿ.

2024ರ ಮೇ ತಿಂಗಳಲ್ಲಿ ನಿಂಟೆಂಡೋ ತನ್ನ ಸ್ವಿಚ್ ಯಂತ್ರದ ಚಂದಾದಾರರಿಗೆ ಈ ಆಟವನ್ನು ಮತ್ತೆ ಕೊಟ್ಟಿತು. ಅದರಲ್ಲಿ ಎಲ್ಲಿ ಬೇಕಾದರೂ ಸೇವ್ ಮಾಡಬಹುದು, ಸತ್ತರೆ ಹಿಂದಕ್ಕೆ ತಿರುಗಿಸಿಕೊಳ್ಳಲೂಬಹುದು. ಮೂರನೇ ದೋಷ ಹೀಗೆ 35 ವರ್ಷಗಳ ಮೇಲೆ ಪರಿಹಾರವಾಯಿತು. ಆದರೆ ತಮಾಷೆ ನೋಡಿ, ಪ್ರತಿ ಸೋಲನ್ನೂ ಹಿಂದಕ್ಕೆ ತಿರುಗಿಸುತ್ತಾ ಹೋದರೆ ಇದು ನಿಜವಾಗಿಯೂ ಬರೀ ಅರ್ಧ ಗಂಟೆಯ ಆಟವಾಗಿಬಿಡುತ್ತದೆ! ಆದ್ದರಿಂದ ಮೊದಲ ಸಲ ಆಡುವವರಿಗೆ ನನ್ನ ಸಲಹೆ ಇಷ್ಟೇ: ರಾಜ್ಯಕ್ಕೊಮ್ಮೆ ಸೇವ್ ಮಾಡಿಕೊಳ್ಳಿ, ಹಿಂದಕ್ಕೆ ತಿರುಗಿಸುವ ಗುಂಡಿಯ ತಂಟೆಗೆ ಹೋಗಬೇಡಿ. ಮಕ್ಕಳು ಆಡುತ್ತಿದ್ದರೆ ಅವರಿಗೂ ಹಾಗೇ ಹೇಳಿಕೊಡಿ. ಬಿದ್ದಲ್ಲಿಂದ ಏಳೋದಕ್ಕೆ ಅವಕಾಶ ಇರಬೇಕು, ಬಿದ್ದೇ ಇಲ್ಲ ಅನ್ನೋದಕ್ಕೆ ಬೇಡ.

ಒಟ್ಟಿನಲ್ಲಿ ಇದು ಅಮರ ಕೃತಿಯೂ ಅಲ್ಲ, ಮೋಸವೂ ಅಲ್ಲ. ನೆಗೆತ ಇನ್ನಷ್ಟು ಹದವಾಗಬೇಕಿದ್ದ, ಕೊನೆ ಸ್ವಲ್ಪ ಕೆಟ್ಟ, ಆದರೆ ತನ್ನ ಯಂತ್ರದ ಅಳತೆಯನ್ನು ಸರಿಯಾಗಿ ಅರಿತ ಒಂದು ಪುಟ್ಟ ಆಟ. ಹತ್ತಕ್ಕೆ ಏಳು ಕೊಡುತ್ತೇನೆ. ಕಳೆದ ಮೂರೂ ಅಂಕ ಮೇಲೆ ಹೇಳಿದ ಮೂರು ದೋಷಗಳಿಗೆ, ಚಿಕ್ಕದಾಗಿದ್ದಕ್ಕೆ ಒಂದನ್ನೂ ಕಳೆದಿಲ್ಲ. ನೀವು ಇದನ್ನು ಆಡಿದ್ದರೆ ಎಷ್ಟು ಕೊಡುತ್ತೀರಿ, ಹೇಳಿ. ಬಾಲ್ಯದ ಗ್ರೇಸ್ ಮಾರ್ಕ್ಸ್ ಸೇರಿಸದೆ :-)