ಕೊರಿಯಾದ ಶಾಲೆಗಳಲ್ಲಿ ಸಂಬಳದ ತಾರತಮ್ಯ

ಒಂದೇ ತರಗತಿಯಲ್ಲಿ ಜೊತೆಯಾಗಿ ನಿಂತು ಪಾಠ ಹೇಳುವ ಇಬ್ಬರು ಉಪಾಧ್ಯಾಯರಲ್ಲಿ ಒಬ್ಬರು ಸ್ವದೇಶೀಯರೂ ಇನ್ನೊಬ್ಬರು ಪರದೇಶೀಯರೂ ಆಗಿದ್ದರೆ, ಯಾರಿಗೆ ಎಷ್ಟು ಸಂಬಳ ಸಲ್ಲತಕ್ಕದ್ದು? ದಕ್ಷಿಣ ಕೊರಿಯಾದ ಸರ್ಕಾರಿ ಶಾಲೆಗಳಲ್ಲಿ ಈ ಪ್ರಶ್ನೆ ಸುಮಾರು ಮೂವತ್ತು ವರ್ಷಗಳಿಂದ ಬಗೆಹರಿಯದೆ ನಿಂತಿದೆ. ಪರದೇಶೀಯರು ಯೋಗ್ಯತೆಗೆ ಮೀರಿದ ಸಂಬಳ ಪಡೆಯುತ್ತಾರೆಂದು ಒಂದು ಪಕ್ಷದವರು ದೂರುತ್ತಾರೆ. ವರ್ಷಕ್ಕೊಮ್ಮೆ ಹೊರಗಟ್ಟಬಹುದಾದ ಕೂಲಿಗಳಂತೆ ತಮ್ಮನ್ನು ಕಾಣುತ್ತಾರೆಂದು ಇನ್ನೊಂದು ಪಕ್ಷದವರು ಗೊಣಗುತ್ತಾರೆ. ದೂರದ ದೇಶದ ಈ ಜಗಳ ನಮಗೇಕೆಂದು ವಾಚಕರು ಕೇಳಬಹುದು. ಇಂಥ ತಾರತಮ್ಯವನ್ನು ನಾವೂ ಒಂದು ಕಾಲದಲ್ಲಿ ಅನುಭವಿಸಿದವರೆಂಬುದು ಒಂದು ಕಾರಣ. ಭಾರತ ಮತ್ತು ಕೊರಿಯಾಗಳ ನಡುವಣ ಒಪ್ಪಂದವೊಂದರ ಮೂಲಕ ನಮ್ಮ ಉಪಾಧ್ಯಾಯರ ಮರ್ಯಾದೆಯೂ ಈ ಪ್ರಶ್ನೆಯೊಳಗೆ ಸೇರಿಕೊಂಡಿದೆಯೆಂಬುದು ಎರಡನೆಯ ಕಾರಣ. ಆದುದರಿಂದ ಇದನ್ನು ಶಾಂತಚಿತ್ತದಿಂದ ಪರಾಮರ್ಶಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲು ಸಂಗತಿಗಳನ್ನು ನೋಡೋಣ. ಇಂಗ್ಲೀಷು ಭಾಷೆಯನ್ನು ಕಲಿಸುವುದಕ್ಕಾಗಿ ಪರದೇಶೀಯರನ್ನು ಕರೆಸುವ ಯೋಜನೆಯನ್ನು ಕೊರಿಯಾ ಸರ್ಕಾರವು 1995ನೆಯ ಇಸವಿಯಲ್ಲಿ ಆರಂಭಿಸಿತು. 1997ರಿಂದ ಪ್ರಾಥಮಿಕ ಶಾಲೆಯ ಮೂರನೆಯ ತರಗತಿಯಿಂದಲೇ ಇಂಗ್ಲೀಷು ಪಠ್ಯವಿಷಯವಾದ ಮೇಲೆ ಇಂಥವರಿಗೆ ಬೇಡಿಕೆ ಬೆಳೆಯಿತು. ಹೀಗೆ ಬರತಕ್ಕವರು ಸಾಮಾನ್ಯವಾಗಿ ಏಳು ದೇಶಗಳ ಪ್ರಜೆಗಳಾಗಿರಬೇಕು: ಅಮೆರಿಕಾ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ. ಇವರಿಗೆ ಯಾವುದಾದರೂ ವಿಷಯದಲ್ಲಿ ಪದವಿಯಿದ್ದರೆ ರಹದಾರಿ ದೊರೆಯುತ್ತದೆ. ಸರ್ಕಾರದ ಯೋಜನೆಗೆ ಸೇರುವವರು ಶಿಕ್ಷಣಶಾಸ್ತ್ರವನ್ನು ಓದಿರದಿದ್ದರೆ ನೂರು ಗಂಟೆಗಳ ಭಾಷಾಬೋಧನೆಯ ತರಬೇತಿ ಪತ್ರವೊಂದನ್ನು ತೋರಿಸಿದರೆ ಸಾಕು. ಸಂಬಳವು ಯೋಗ್ಯತೆ ಮತ್ತು ಅನುಭವಗಳಿಗೆ ತಕ್ಕಂತೆ ತಿಂಗಳಿಗೆ ಸುಮಾರು 20 ಲಕ್ಷ ವಾನ್‌ನಿಂದ 30 ಲಕ್ಷ ವಾನ್‌ವರೆಗೆ ಇರುತ್ತದೆ. ಇದಲ್ಲದೆ ಇರುವುದಕ್ಕೆ ಬಾಡಿಗೆಯಿಲ್ಲದ ಮನೆ, ಇಲ್ಲವಾದರೆ ತಿಂಗಳಿಗೆ 4 ಲಕ್ಷ ವಾನ್ ಮನೆಭತ್ಯ. ಬಂದಿಳಿದೊಡನೆ ನೆಲೆಯೂರಲು 3 ಲಕ್ಷ ವಾನ್. ಹೋಗಿಬರುವ ಪ್ರಯಾಣದ ಬಾಬ್ತು ಸಹಾಯದ್ರವ್ಯ. ವರ್ಷ ಮುಗಿಸಿದರೆ ಒಂದು ತಿಂಗಳ ಸಂಬಳದಷ್ಟು ನಿವೃತ್ತಿಧನ. ತೆರಿಗೆಯ ಒಪ್ಪಂದಗಳ ಬಲದಿಂದ ಕೆಲವು ದೇಶಗಳವರಿಗೆ ಎರಡು ವರ್ಷಗಳವರೆಗೆ ವರಮಾನ ತೆರಿಗೆಯ ವಿನಾಯಿತಿಯೂ ಉಂಟು.

ಈಗ ಕೊರಿಯಾದ ಸ್ವಂತ ಉಪಾಧ್ಯಾಯರ ಸ್ಥಿತಿಯನ್ನು ನೋಡತಕ್ಕದ್ದು. ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಬೇಕಾದವನು ಶಿಕ್ಷಣದ ವಿಶ್ವವಿದ್ಯಾನಿಲಯದಲ್ಲಿ ನಾಲ್ಕು ವರ್ಷ ಓದಿ, ಆ ಮೇಲೆ ಕಠಿನವಾದ ನೇಮಕದ ಪರೀಕ್ಷೆಯನ್ನು ದಾಟಬೇಕು. ಸರ್ಕಾರಿ ಉಪಾಧ್ಯಾಯರ ಸಂಬಳದ ಏಣಿಗೆ ನಲವತ್ತು ಮೆಟ್ಟಿಲುಗಳಿವೆ. ಹೊಸಬನು ಸಾಮಾನ್ಯವಾಗಿ ಒಂಬತ್ತನೆಯ ಮೆಟ್ಟಿಲಿನಿಂದ ಹತ್ತತೊಡಗುತ್ತಾನೆ. 2024ರ ಸುಮಾರಿಗೆ ಆ ಮೆಟ್ಟಿಲಿನ ಮೂಲ ಸಂಬಳ ತಿಂಗಳಿಗೆ 22 ಲಕ್ಷ ವಾನ್‌ನ ಆಸುಪಾಸಿನಲ್ಲಿತ್ತು. ಇದರ ಮೇಲೆ ಕೆಲವು ಭತ್ಯಗಳೂ, ಹೊಸ ವರ್ಷ ಮತ್ತು ಸುಗ್ಗಿಯ ಹಬ್ಬಗಳಲ್ಲಿ ಹಬ್ಬದ ಹಣವೂ ದೊರೆಯುತ್ತವೆ. ತರಗತಿಯ ಪೂರ್ಣ ಹೊಣೆ ಹೊತ್ತವರಿಗೆ ಸಲ್ಲುವ ತಿಂಗಳ ಭತ್ಯ ಬಹುಕಾಲ 1 ಲಕ್ಷ 30 ಸಾವಿರ ವಾನ್ ಮಾತ್ರವಾಗಿದ್ದಿತು. 2023ರಲ್ಲಿ ಉಪಾಧ್ಯಾಯರು ಸಹಸ್ರಾರು ಸಂಖ್ಯೆಯಲ್ಲಿ ಸಿಯೋಲ್ ನಗರದ ಬೀದಿಗಿಳಿದು ತಮ್ಮ ಸಂಕಟವನ್ನು ಸಾರಿದ ತರುವಾಯ, 2024ರಲ್ಲಿ ಅದನ್ನು 2 ಲಕ್ಷ ವಾನ್‌ಗೆ ಏರಿಸಲಾಯಿತು.

ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಏನು ತಿಳಿಯುತ್ತದೆ? ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಪರದೇಶೀಯನ ಕೈಯೇ ಮೇಲು. ಮೂಲ ಸಂಬಳ ಹೆಚ್ಚುಕಡಮೆ ಸಮವಾಗಿದ್ದರೂ, ಬಾಡಿಗೆ ದುಬಾರಿಯಾದ ನಗರಗಳಲ್ಲಿ ಮನೆಯೊಂದು ಪುಕ್ಕಟೆಯಾಗಿ ದೊರೆಯುವುದು ಸಣ್ಣ ಲಾಭವಲ್ಲ. ಆದರೆ ಇಡೀ ಆಯುಷ್ಯದ ಲೆಕ್ಕ ಹಿಡಿದರೆ ತಕ್ಕಡಿ ಇನ್ನೊಂದು ಕಡೆಗೆ ತೂಗುತ್ತದೆ. ಸ್ವದೇಶೀಯ ಉಪಾಧ್ಯಾಯನು ಅರವತ್ತೆರಡನೆಯ ವಯಸ್ಸಿನವರೆಗೆ ಕೆಲಸದಲ್ಲಿರಬಹುದು. ಮೇಲಿನ ಮೆಟ್ಟಿಲಿನ ಸಂಬಳ ಹೊಸಬನ ಸಂಬಳದ ಸುಮಾರು ಎರಡೂವರೆ ಪಾಲಾಗುತ್ತದೆ. ಕೊನೆಗೆ ಪಿಂಚಣಿಯೂ ಉಂಟು. ಮುಂದುವರಿದ ದೇಶಗಳ ಲೆಕ್ಕಗಳನ್ನು ಕೂಡಿಸುವ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ ವರದಿಗಳು ಹೇಳುವುದೂ ಇದನ್ನೇ. ಕೊರಿಯಾದ ಹೊಸ ಉಪಾಧ್ಯಾಯನ ಸಂಬಳ ಆ ದೇಶಗಳ ಸರಾಸರಿಗಿಂತ ಕೆಳಗಿದೆ. ಹದಿನೈದು ವರ್ಷ ದುಡಿದವನ ಸಂಬಳ ಸರಾಸರಿಗಿಂತ ಮೇಲಿದೆ. ಆದರೆ ಏಣಿಯ ತುದಿಯನ್ನು ಮುಟ್ಟಲು ಮೂವತ್ತೇಳು ವರ್ಷಗಳು ಬೇಕು. ಆದುದರಿಂದ ಪರದೇಶೀಯನಿಗೇ ಎಲ್ಲವೂ ಎಂಬ ಕೂಗಿನಲ್ಲಿ ಅರ್ಧ ಸತ್ಯವಿದೆ. ಸ್ವದೇಶೀಯನಿಗೆ ಯಾವ ಕೊರತೆಯೂ ಇಲ್ಲವೆಂಬ ಅಧಿಕಾರಿಗಳ ಸಮಾಧಾನದಲ್ಲಿಯೂ ಅರ್ಧವೇ ಸತ್ಯವಿದೆ.

ನ್ಯಾಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಮನೆಮಾರು ಬಿಟ್ಟು ಕಡಲು ದಾಟಿ ಬಂದವನಿಗೆ ಇರುವುದಕ್ಕೆ ಎಡೆಯನ್ನೂ ಪ್ರಯಾಣದ ವೆಚ್ಚವನ್ನೂ ಕೊಡುವುದರಲ್ಲಿ ಅನ್ಯಾಯವೇನೂ ಇಲ್ಲ. ದ್ವೀಪಗಳಿಗೂ ಗುಡ್ಡಗಾಡುಗಳಿಗೂ ವರ್ಗವಾಗಿ ಹೋಗುವ ತನ್ನ ಉಪಾಧ್ಯಾಯರಿಗೂ ಕೊರಿಯಾ ಸರ್ಕಾರವು ವಿಶೇಷ ಭತ್ಯ ಕೊಡುತ್ತದೆ; ಹಳ್ಳಿಗಾಡಿನಲ್ಲಿ ಪಾಠ ಹೇಳುವ ಪರದೇಶೀಯರಿಗೂ ಅದೇ ಬಗೆಯ ಭತ್ಯವುಂಟು. ಕಷ್ಟಕ್ಕೆ ತಕ್ಕ ಪರಿಹಾರವೆಂಬುದೇ ಇದರ ತತ್ತ್ವ. ಪರದೇಶೀಯನ ಕಷ್ಟಗಳೂ ಸುಳ್ಳಲ್ಲ. ಅವನ ಒಪ್ಪಂದ ಒಂದೇ ವರ್ಷದ್ದು. ಮುಂಗಡಪತ್ರದಲ್ಲಿ ಹಣ ಕಡಮೆಯಾದರೆ ಮೊದಲು ಹೊರಡಬೇಕಾದವನು ಅವನೇ. ರಹದಾರಿಗಾಗಿ ಅವನು ಮಾಡಿಸಿಕೊಳ್ಳಬೇಕಾಗಿದ್ದ ಏಡ್ಸ್ ರೋಗದ ಪರೀಕ್ಷೆಯನ್ನು ಕೊರಿಯನ್ ಉಪಾಧ್ಯಾಯರಿಗೆ ವಿಧಿಸಿರಲಿಲ್ಲ. ಇದು ಜನಾಂಗಭೇದವೆಂದು ವಿಶ್ವಸಂಸ್ಥೆಯ ಸಮಿತಿಯೊಂದು 2015ರಲ್ಲಿ ತೀರ್ಮಾನಿಸಿದ ಮೇಲೆ, 2017ರಲ್ಲಿ ಆ ನಿಯಮವನ್ನು ತೆಗೆದುಹಾಕಲಾಯಿತು. ಅತಿಥಿಯನ್ನು ಕರೆಸಿ ಅನುಮಾನದಿಂದ ನೋಡುವುದು ಯಾವ ದೇಶಕ್ಕೂ ಭೂಷಣವಲ್ಲ.

ಹಾಗಾದರೆ ದೋಷವೆಲ್ಲಿದೆ? ಕಷ್ಟಕ್ಕೆ ಕೊಡುವ ಪರಿಹಾರ ಬೇರೆ, ಹುಟ್ಟಿಗೆ ಕೊಡುವ ಬೆಲೆ ಬೇರೆ. ಕೊರಿಯಾದ ಪದ್ಧತಿಯಲ್ಲಿ ಇವೆರಡೂ ಒಂದರೊಳಗೊಂದು ಬೆರೆತುಹೋಗಿವೆ. ಪರದೇಶೀಯ ಉಪಾಧ್ಯಾಯನು ನಿಯಮದ ಪ್ರಕಾರ ಸಹಾಯಕನೇ ಹೊರತು ತರಗತಿಯ ಹೊಣೆಗಾರನಲ್ಲ. ವಾರಕ್ಕೆ ಇಪ್ಪತ್ತೆರಡು ಗಂಟೆಗಳ ಪಾಠ ಅವನ ಒಪ್ಪಂದದ ಮಿತಿ. ಮಕ್ಕಳ ನಡತೆಯ ದಾಖಲೆ, ಅಂಕಗಳ ಲೆಕ್ಕ, ತಂದೆತಾಯಿಗಳ ದೂರು ಇವೆಲ್ಲವೂ ಸ್ವದೇಶೀಯನ ಹೆಗಲಿಗೆ ಬೀಳುತ್ತವೆ. ಹೊಸದಾಗಿ ಬಂದ ಪರದೇಶೀಯನಿಗೆ ಬ್ಯಾಂಕಿನ ಲೆಕ್ಕ ತೆರೆಸುವುದೂ, ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವುದೂ ಅನೇಕ ವೇಳೆ ಜೊತೆಯ ಕೊರಿಯನ್ ಉಪಾಧ್ಯಾಯನ ಪಾಲಿಗೇ ಬರುತ್ತವೆ. ಇಷ್ಟೆಲ್ಲ ಮಾಡುವ ಇಪ್ಪತ್ತೈದು ವರ್ಷದ ಸ್ವದೇಶೀಯನು ತನ್ನ ಮೊದಲ ತಿಂಗಳ ಸಂಬಳವನ್ನೂ, ಅದರಲ್ಲಿ ಮನೆಬಾಡಿಗೆಗೆ ಹೋಗುವ ಪಾಲನ್ನೂ ಲೆಕ್ಕ ಹಾಕಿ, ಪಕ್ಕದ ಮೇಜಿನವನನ್ನು ನೋಡಿದಾಗ ಅವನ ಮನಸ್ಸಿನಲ್ಲಿ ಏಳುವ ಕಹಿಯನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕಲಾಗುವುದಿಲ್ಲ.

ಇದಕ್ಕಿಂತಲೂ ಶೋಚನೀಯವಾದುದು ಇನ್ನೊಂದು ವರ್ಗದವರ ಸ್ಥಿತಿ. ಇಂಗ್ಲೀಷನ್ನು ಚೆನ್ನಾಗಿ ಮಾತನಾಡಬಲ್ಲ ಕೊರಿಯನ್ನರನ್ನೇ ಸಂಭಾಷಣೆಯ ಬೋಧಕರನ್ನಾಗಿ ನೇಮಿಸುವ ಪದ್ಧತಿಯು 2009ರಲ್ಲಿ ಜಾರಿಗೆ ಬಂದಿತು. ಇದು ಸ್ವಾಗತಾರ್ಹವಾದ ಹೆಜ್ಜೆಯೇ ಸರಿ. ಆದರೆ ಅವರನ್ನು ವರ್ಷವರ್ಷದ ಒಪ್ಪಂದದ ಮೇಲೆ, ಒಂದೇ ಶಾಲೆಯಲ್ಲಿ ನಾಲ್ಕು ವರ್ಷಗಳ ಮಿತಿಗೆ ಒಳಪಡಿಸಿ ಇಟ್ಟುಕೊಂಡುದರಿಂದ, 2013ರಲ್ಲಿ ಮೊದಲ ತಂಡದವರ ಅವಧಿ ತೀರಿದಾಗ ಅವರ ಜೀವನೋಪಾಯವೇ ಸಂಶಯಕ್ಕೆ ಬಿದ್ದಿತು. ಪರದೇಶೀಯನಿಗಿರುವ ಮನೆಯೂ ಇವರಿಗಿಲ್ಲ, ಸ್ವದೇಶೀಯ ಉಪಾಧ್ಯಾಯನಿಗಿರುವ ನೆಲೆಯೂ ಇವರಿಗಿಲ್ಲ. ತನ್ನ ದೇಶದಲ್ಲಿ, ತನ್ನ ದೇಶದ ಮಕ್ಕಳಿಗೆ ಪಾಠ ಹೇಳುವವನು ಎರಡು ಕಡೆಯ ಅನುಕೂಲಗಳಿಗೂ ಎರವಾಗುವುದಾದರೆ, ಆ ಪದ್ಧತಿಯನ್ನು ರಚಿಸಿದವರು ಮತ್ತೊಮ್ಮೆ ಯೋಚಿಸತಕ್ಕದ್ದು ಅವಶ್ಯವಲ್ಲವೆ?

ಈ ವಿಷಯದಲ್ಲಿ ಕೊರಿಯನ್ನರಿಗೆ ಇತಿಹಾಸವೇ ಗುರುವಾಗಿದೆ. 1910ರಿಂದ 1945ರವರೆಗೆ ಆ ನಾಡು ಜಪಾನಿನ ಅಧೀನದಲ್ಲಿದ್ದಾಗ, ಅಲ್ಲಿ ಕೆಲಸ ಮಾಡುತ್ತಿದ್ದ ಜಪಾನೀ ಅಧಿಕಾರಿಗಳಿಗೂ ಉಪಾಧ್ಯಾಯರಿಗೂ ಮೂಲ ಸಂಬಳದ ಮೇಲೆ ಶೇಕಡ 40ರಿಂದ 60ರವರೆಗೆ ಹೊರನಾಡ ಭತ್ಯವೂ, ಅದರ ಮೇಲೆ ಮನೆಯ ಭತ್ಯವೂ ಸಲ್ಲುತ್ತಿದ್ದವು. ಅದೇ ದರ್ಜೆಯ ಕೊರಿಯನ್ನನಿಗೆ ಬರಿಯ ಮೂಲ ಸಂಬಳ. ನಮ್ಮ ದೇಶದ ಕಥೆಯೂ ಬೇರೆಯಲ್ಲ. 1885ರಲ್ಲಿ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಪ್ರಾಧ್ಯಾಪಕರಾಗಿ ಸೇರಿದ ಜಗದೀಶಚಂದ್ರ ಬೋಸರಿಗೆ ಐರೋಪ್ಯರಿಗಿಂತ ಕಡಮೆ ಸಂಬಳವನ್ನು ಗೊತ್ತುಮಾಡಿದಾಗ, ಅವರು ಮೂರು ವರ್ಷ ಒಂದು ಕಾಸನ್ನೂ ಮುಟ್ಟದೆ ಪಾಠ ಹೇಳಿ, ಕೊನೆಗೆ ಪೂರ್ಣ ಸಂಬಳವನ್ನು ಹಿಂದಿನ ಬಾಕಿಯೊಡನೆ ಪಡೆದರು. ಆದರೂ 1896ರಲ್ಲಿ ವಿದ್ಯಾ ಇಲಾಖೆಯನ್ನು ಇಂಗ್ಲೆಂಡಿನಲ್ಲಿ ನೇಮಕವಾದವರ ಮೇಲಿನ ಶ್ರೇಣಿ, ಇಲ್ಲಿ ನೇಮಕವಾದವರ ಕೆಳಗಿನ ಶ್ರೇಣಿ ಎಂದು ಒಡೆದು, ಆ ಭೇದವನ್ನು ಕಾಯಿದೆಯಾಗಿಯೇ ಮಾಡಿಟ್ಟರು. ಇಂದಿನ ಕೊರಿಯಾ ಸ್ವತಂತ್ರ ರಾಷ್ಟ್ರ; ಅಲ್ಲಿಗೆ ಬರುವ ಪರದೇಶೀಯ ಉಪಾಧ್ಯಾಯನು ಆಳುವವನಲ್ಲ, ಕರೆದುದಕ್ಕೆ ಬಂದವನು. ಈ ಅಂತರವನ್ನು ನಾವು ಮರೆಯುವುದಿಲ್ಲ. ಆದರೆ ಕಲಿಕೆಗಿಂತ ಹುಟ್ಟಿದ ನೆಲಕ್ಕೆ ಹೆಚ್ಚು ಬೆಲೆ ಕಟ್ಟುವ ಅಭ್ಯಾಸವು ಆಳುವವರು ಹೋದ ಮೇಲೂ ಉಳಿಯಬಲ್ಲದೆಂಬುದನ್ನು ಕೊರಿಯನ್ನರೂ ನಾವೂ ಒಟ್ಟಾಗಿ ನೆನಪಿಡುವುದು ಲೇಸು.

ಪರದೇಶೀಯ ಉಪಾಧ್ಯಾಯರ ಮೇಲೆ ದ್ವೇಷ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. 1886ರಲ್ಲಿ ಕೊರಿಯಾದ ರಾಜನು ಸ್ಥಾಪಿಸಿದ ಶಾಲೆಗೆ ಪಾಠ ಹೇಳಲು ಬಂದ ಅಮೆರಿಕನ್ನರಲ್ಲಿ ಹೋಮರ್ ಹಲ್ಬರ್ಟ್ ಎಂಬವರೊಬ್ಬರು. ಅವರು ಆ ನಾಡಿನ ಲಿಪಿಯನ್ನು ಕಲಿತು, ಅದರಲ್ಲಿಯೇ ಭೂಗೋಳದ ಪಠ್ಯಪುಸ್ತಕವನ್ನು ಬರೆದರು. 1907ರಲ್ಲಿ ಹೇಗ್ ನಗರದಲ್ಲಿ ಕೊರಿಯಾದ ಸ್ವಾತಂತ್ರ್ಯದ ಪರವಾಗಿ ನಿಂತರು. 1949ರಲ್ಲಿ ಸ್ವತಂತ್ರ ಕೊರಿಯಾದ ಆಹ್ವಾನದ ಮೇಲೆ ಮರಳಿ ಬಂದು ಅಲ್ಲಿಯೇ ಮಣ್ಣಾದರು. ಅವರ ಸಮಾಧಿಯನ್ನು ಕೊರಿಯನ್ನರು ಇಂದಿಗೂ ಗೌರವದಿಂದ ಕಾಯ್ದುಕೊಂಡಿದ್ದಾರೆ. ಒಳ್ಳೆಯ ಗುರುವಿಗೆ ದೇಶದ ಗಡಿಯಿಲ್ಲ. ಆದರೆ ಕೊರಿಯನ್ನರು ಹಲ್ಬರ್ಟರನ್ನು ಗೌರವಿಸುವುದು ಅವರು ಮಾಡಿದ ಕೆಲಸಕ್ಕಾಗಿ. ಅವರು ಅಮೆರಿಕದಲ್ಲಿ ಹುಟ್ಟಿದರೆಂಬುದಕ್ಕಾಗಿ ಅಲ್ಲ.

ಇನ್ನು ನಮಗೆ ನೇರವಾಗಿ ಸಂಬಂಧಿಸಿದ ಮಾತು. 2009ರಲ್ಲಿ ಸಹಿಯಾಗಿ 2010ನೆಯ ಜನವರಿ 1ರಿಂದ ಜಾರಿಗೆ ಬಂದ ಭಾರತ ಕೊರಿಯಾ ಸಮಗ್ರ ಆರ್ಥಿಕ ಸಹಭಾಗಿತ್ವದ ಒಪ್ಪಂದವು ಭಾರತೀಯರಿಗೂ ಅಲ್ಲಿನ ಶಾಲೆಗಳಲ್ಲಿ ಇಂಗ್ಲೀಷಿನ ಸಹಾಯಕ ಉಪಾಧ್ಯಾಯರಾಗಲು ಬಾಗಿಲು ತೆರೆಯಿತು. ಆದರೆ ಬಾಗಿಲಿನ ಎತ್ತರ ಎಲ್ಲರಿಗೂ ಒಂದೇ ಆಗಿಲ್ಲ. ಏಳು ದೇಶಗಳವನು ಗಣಿತವನ್ನು ಓದಿರಲಿ, ಸಂಗೀತವನ್ನು ಓದಿರಲಿ, ಪದವಿಯೊಂದಿದ್ದರೆ ರಹದಾರಿಗೆ ಸಾಕು. ಭಾರತೀಯನಾದರೋ ಇಂಗ್ಲೀಷಿನಲ್ಲಿಯೇ ಪದವಿ ಪಡೆದಿರಬೇಕು, ಅದರ ಜೊತೆಗೆ ಇಂಗ್ಲೀಷು ಕಲಿಸುವ ಉಪಾಧ್ಯಾಯನ ಯೋಗ್ಯತಾಪತ್ರವನ್ನೂ ಹೊಂದಿರಬೇಕು. ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಇಂಗ್ಲೀಷು ಸಾಹಿತ್ಯವನ್ನು ಓದಿ, ಹತ್ತು ವರ್ಷ ಪ್ರೌಢಶಾಲೆಯಲ್ಲಿ ಅದನ್ನು ಕಲಿಸಿದ ಉಪಾಧ್ಯಾಯಿನಿಯೂ ಬೋಧನೆಯ ಪ್ರಮಾಣಪತ್ರವಿಲ್ಲದಿದ್ದರೆ ಹೊಸ್ತಿಲಲ್ಲೇ ನಿಲ್ಲಬೇಕು. ನಿನ್ನೆ ಪದವಿ ಪಡೆದ ಇಪ್ಪತ್ತೆರಡರ ತರುಣನು, ಅವನ ರಹದಾರಿ ಏಳರಲ್ಲೊಂದು ದೇಶದ್ದಾಗಿದ್ದರೆ, ಒಳಗೆ ಹೋಗಬಹುದು. ಉಪಾಧ್ಯಾಯರಿಗೆ ತರಬೇತಿ ಬೇಕೆಂಬ ನಿಯಮವನ್ನು ನಾವು ಆಕ್ಷೇಪಿಸುವುದಿಲ್ಲ. ಅದು ನಮಗೆ ಮಾತ್ರ ಏಕೆಂಬುದೇ ನಮ್ಮ ಪ್ರಶ್ನೆ.

ಈ ಒಪ್ಪಂದವನ್ನು ಪರಿಷ್ಕರಿಸುವ ಮಾತುಕತೆಗಳು 2016ರಲ್ಲಿ ಆರಂಭವಾದವು. ಸರಕುಗಳ ಸುಂಕದ ಚರ್ಚೆಯಲ್ಲಿ ಉಪಾಧ್ಯಾಯರ ಈ ಕಲಮನ್ನು ನಮ್ಮ ಪ್ರತಿನಿಧಿಗಳು ಮರೆಯಬಾರದು. ಅವರು ಕೇಳಬೇಕಾದುದು ದಾಕ್ಷಿಣ್ಯವನ್ನಲ್ಲ, ಸಮಾನ ನಿಯಮವನ್ನು. ಯೋಗ್ಯತೆಯನ್ನು ಎಲ್ಲ ದೇಶಗಳವರಿಗೂ ಒಂದೇ ಅಳತೆಗೋಲಿನಿಂದ ಅಳೆಯಲಿ; ಅದಕ್ಕೆ ತಕ್ಕಂತೆ ಸಂಬಳವನ್ನು ಗೊತ್ತುಮಾಡಲಿ; ದೂರದಿಂದ ಬಂದವರೆಲ್ಲರಿಗೂ ಮನೆಯನ್ನೂ ಪ್ರಯಾಣದ ವೆಚ್ಚವನ್ನೂ ಸಮವಾಗಿ ಕೊಡಲಿ.

ಕೊರಿಯಾದ ಅಧಿಕಾರಿವರ್ಗಕ್ಕೂ ನಾವು ಸ್ನೇಹಭಾವದಿಂದ ಹೇಳುವುದು ಇಷ್ಟೇ. ಹೊಸ ಉಪಾಧ್ಯಾಯನನ್ನು ಮೂವತ್ತೇಳು ವರ್ಷ ಕಾಯಿಸುವ ಏಣಿಯ ಕೆಳಗಿನ ಮೆಟ್ಟಿಲುಗಳನ್ನು ಎತ್ತರಿಸಿರಿ. ನಿಮ್ಮವರೇ ಆದ ಸಂಭಾಷಣೆಯ ಬೋಧಕರಿಗೆ ನೆಲೆಯನ್ನು ಕೊಡಿರಿ. ಹಾಗೆ ಮಾಡಿದರೆ ಪಕ್ಕದ ಮೇಜಿನ ಪರದೇಶೀಯನ ಮೇಲಿನ ಅಸಮಾಧಾನವು ತಾನಾಗಿಯೇ ಕರಗುವುದೆಂದು ನಾವು ನಂಬಿದ್ದೇವೆ. ಪರದೇಶೀಯನ ಮನೆಯನ್ನು ಕಸಿದುಕೊಂಡ ಮಾತ್ರಕ್ಕೆ ಸ್ವದೇಶೀಯನ ಸಂಬಳ ಒಂದು ವಾನ್‌ನಷ್ಟೂ ಹೆಚ್ಚುವುದಿಲ್ಲ. ಇಬ್ಬರ ಪಾಠವನ್ನೂ ಕೇಳುವ ಮಗುವಿಗೆ ಬೇಕಾದುದು ನೆಮ್ಮದಿಯಿಂದ ಪಾಠ ಹೇಳಬಲ್ಲ ಗುರುಗಳು. ಅವರಿಗೆ ಆ ನೆಮ್ಮದಿಯನ್ನು ಒದಗಿಸುವುದು ಸರ್ಕಾರದ ಕರ್ತವ್ಯ.