ಪದವಿನ ಮೊಟ್ಟೆ

ನೌಕರಿಗೆಂದು ಕಡಲಾಚೆ ಹೋದವರು ಬಿಡುವಿನಲ್ಲಿ ಏನು ಮಾಡುತ್ತಾರೆ? ಥಾಮಸ್ ಜರ್ಡನ್ ಎಂಬ ಇಂಗ್ಲಿಷ್ ವೈದ್ಯರು 1836ರಲ್ಲಿ ಕಂಪೆನಿಯ ಮದರಾಸು ಸೈನ್ಯದ ಕೆಲಸಕ್ಕಾಗಿ ಭಾರತಕ್ಕೆ ಬಂದರು. ದಂಡು ಹೋದಲ್ಲೆಲ್ಲ ಹಕ್ಕಿ ನೋಡಿ ಬರೆದಿಟ್ಟರು. 1862ರಿಂದ 1864ರವರೆಗೆ ಪ್ರಕಟವಾದ ಅವರ ಗ್ರಂಥದಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. (ಆಗ ಹಕ್ಕಿಯನ್ನು ಕೊಂದೇ ಗುರುತಿಸುತ್ತಿದ್ದರು, ಅದು ಬೇರೆ ಮಾತು.)

ನಮಗೆ ಕೋವಿ ಬೇಡ, ದುರ್ಬೀನೂ ಬೇಡ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಮುರಕಲ್ಲಿನ ಮೇಲೆ ಹುಲ್ಲು ಬೆಳೆಯುವ ಪದವುಗಳಿವೆಯಲ್ಲ, ಅಂಥ ಬಯಲಲ್ಲಿ ಹಳದಿ ಟಿಟ್ಟಿಭ ಬೇಸಿಗೆಯಲ್ಲಿ ನೆಲದ ಮೇಲೆಯೇ ಮೊಟ್ಟೆ ಇಡುತ್ತದೆ. ಗೂಡೆಂದರೆ ಒಂದು ಸಣ್ಣ ಕುಳಿ, ಸುತ್ತ ಒಂದಷ್ಟು ಹರಳುಕಲ್ಲು. ಮೊಟ್ಟೆಯೂ ನೆಲದ ಬಣ್ಣದ್ದೇ. ಬಿಸಿಲೇರಿದರೆ ಹಕ್ಕಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ಅದು ನಿಮ್ಮ ತಲೆಯ ಮೇಲೆ ಕಿರುಚುತ್ತ ಸುತ್ತಿದರೆ ಗೂಡು ಕಾಲಡಿಯಲ್ಲೇ ಇರಬಹುದು!

ಪದವನ್ನು ನಾವು ಪಾಳುಜಾಗ ಎನ್ನುತ್ತೇವೆ. ಕಲ್ಲಿನ ಕೋರೆಗೂ ಸೈಟಿಗೂ ಎಲ್ಲರ ಕಣ್ಣು ಅಲ್ಲಿಗೇ. ಮರದ ಹಕ್ಕಿ ಇನ್ನೊಂದು ಮರ ಹುಡುಕೀತು, ಇದಕ್ಕೆ ಬಯಲೇ ಬೇಕು. ಅಲ್ಲಿ ಸಸಿ ನೆಡುವುದು ಕೂಡ ಇದಕ್ಕೆ ಉಪಕಾರವಲ್ಲ. ಈ ರಜೆಯಲ್ಲಿ ಮಕ್ಕಳು ಪದವಿಗೆ ಕ್ರಿಕೆಟ್ ಆಡಲು ಹೊರಟರೆ, ಮೊದಲು ನೆಲ ನೋಡಿಕೊಳ್ಳಲು ಹೇಳಿ.