ಮುದಿ ಯೋಧನಿಗೆ ಮನೆ ಬೇಡವೇ?

ನಿವೃತ್ತಿವೇತನವಿಲ್ಲದ, 65 ದಾಟಿದ ಬಡ ಯೋಧರಿಗೆ ಧ್ವಜದಿನದ ನಿಧಿಯಿಂದ ಸಲ್ಲುವ ನೆರವು 2025ರಲ್ಲಿ ತಿಂಗಳಿಗೆ 4,000ದಿಂದ 8,000 ರೂಪಾಯಿಗೇರಿತು. ಒಳ್ಳೆಯದೇ. ಆದರೆ ಹಣವು ಅಂಬಲಿ ಕಾಸೀತೇ? ಕೃಷ್ಣೆಯ ದಂಡೆಯ ತುಬಚಿಯಲ್ಲಿ ಹಾಸಿಗೆ ಹಿಡಿದ ಒಂಟಿ ಮುದುಕನಿಗೆ ನೀರು ಕೊಡುವವರಾರು?

ಜಿಲ್ಲೆಗೊಂದಾದರೂ, 150 ನಿರ್ಗತಿಕರಿಗೆ ಸಾಲುವ ವೃದ್ಧಾಶ್ರಮವನ್ನು ಸರಕಾರವು ‘ಸ್ಥಾಪಿಸಬಹುದು’ ಎಂದು 2007ರ ಹಿರಿಯ ನಾಗರಿಕರ ಕಾಯದೆಯ 19ನೆಯ ಕಲಮು ಹೇಳುತ್ತದೆ, ‘ಸ್ಥಾಪಿಸತಕ್ಕದ್ದು’ ಎನ್ನುವುದಿಲ್ಲ. ವಕೀಲಿ ಮಾಡುವ ನಾವು ಈ ‘ಬಹುದು’ವಿನ ಮರ್ಮವನ್ನು ಬಲ್ಲೆವು, ಅದು ಖಜಾನೆಗೆ ಹಾಕಿದ ಬೀಗ! ಮುಧೋಳದ ನಾಯಿಗಳಿಗೆ ತಿಮ್ಮಾಪುರದಲ್ಲಿ ಸರಕಾರಿ ಕೇಂದ್ರವುಂಟು, ನಮಗದು ಹೆಮ್ಮೆಯೇ. ಅದೇ ಸೀಮೆಯ ಮುದಿ ಸೈನಿಕನು ಅಷ್ಟಕ್ಕೂ ಬಾಹಿರನೇ?

ಬಾಗಲಕೋಟೆ ಜಿಲ್ಲೆಗೊಂದು ಯೋಧಾಶ್ರಮವನ್ನು ಸರಕಾರವೇ ಕಟ್ಟಲಿ. ವೆಚ್ಚವನ್ನು ದಾನಿಗಳ ಮರ್ಜಿಗೆ ಬಿಡದೆ ಆಯವ್ಯಯದಲ್ಲಿ ಕಾದಿರಿಸಲಿ. ಡಿಸೆಂಬರ 7ರಂದು ಮಕ್ಕಳ ಕೈಯಿಂದ ಧ್ವಜ ಮಾರಿಸುವ ಮಾಸ್ತರರು ಇದನ್ನು ತಮ್ಮ ಶಾಸಕರಿಗೆ ಕೇಳಬಾರದೇ?